ಮೇ ತಿಂಗಳ ಮದುವೆಗೆ ಏರ್‌ಬ್ರಷ್ ಮೇಕಪ್: ಮಂಗಳೂರಿನ ಒಂದು ಪಾರ್ಲರ್‌ನ ಸೇವೆ

ಕರಾವಳಿಯಲ್ಲಿ ಮೇ ತಿಂಗಳಿಗೆ ಮುಹೂರ್ತ ಇಟ್ಟುಕೊಂಡವರಿಗೆ ಸಭಾಭವನ ಮತ್ತು ಅಡುಗೆಯವರು ನಿಶ್ಚಯವಾದ ಮೇಲೆ ಉಳಿಯುವ ದೊಡ್ಡ ಚಿಂತೆಯೆಂದರೆ, ಮದುಮಗಳ ಮೇಕಪ್ ಧಾರೆಯವರೆಗಾದರೂ ನಿಂತೀತೇ ಎಂಬುದು. ಗಾಳಿಯಲ್ಲಿ ತೇವ ತುಂಬಿರುವುದರಿಂದ ಇಲ್ಲಿ ಬೆವರು ಬೇಗ ಆರುವುದಿಲ್ಲ. ಚರ್ಮದ ಎಣ್ಣೆಯೊಂದಿಗೆ ಬೆರೆತು, ಮುಖಕ್ಕೆ ಮೊದಲು ಹಚ್ಚುವ ಮೈಬಣ್ಣದ ಪದರವಾದ ಫೌಂಡೇಶನ್ನನ್ನು ಕೆಳಗಿನಿಂದಲೇ ಸಡಿಲಿಸುತ್ತದೆ. ಈ ಕಾರಣದಿಂದಲೇ ನನ್ನ ತಂಗಿಯ ಮದುವೆಗೆ ನಗರದ ಒಂದು ಪಾರ್ಲರ್‌ನಲ್ಲಿ, ಸಾದಾ ಬ್ರೈಡಲ್ ಪ್ಯಾಕೇಜ್‌ಗಿಂತ ಸಾಕಷ್ಟು ದುಬಾರಿಯಾದ, ಫೌಂಡೇಶನ್ನನ್ನು ಯಂತ್ರದಿಂದ ಮುಖಕ್ಕೆ ಸಿಂಪಡಿಸುವ ಏರ್‌ಬ್ರಷ್ ಮೇಕಪ್ ಮಾಡಿಸಿದೆವು.

ಈ ಸೇವೆಯಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಯಂತ್ರವಲ್ಲ, ಯಂತ್ರವನ್ನು ಕೈಗೆತ್ತಿಕೊಳ್ಳುವ ಮೊದಲು ನಡೆದ ಸಿದ್ಧತೆ. ಬಟ್ಟೆಯಲ್ಲಿ ಸುತ್ತಿದ ಐಸ್‌ನಿಂದ ಮುಖವನ್ನು ತಂಪುಮಾಡಿ, ಟಿಶ್ಯೂವಿನಿಂದ ಒತ್ತಿ ಒರೆಸಿ, ಜೆಲ್ ಮಾಯಿಶ್ಚರೈಸರನ್ನು ತೆಳುವಾಗಿ ಹಚ್ಚಿದ ಕಲಾವಿದೆ, ಅದು ಪೂರ್ತಿ ಹೀರಿಕೊಳ್ಳುವವರೆಗೆ ಫ್ಯಾನ್ ಕೆಳಗೆ ಕೂರಿಸಿ ಬೇರೇನನ್ನೂ ಹಚ್ಚಲಿಲ್ಲ. ಫೌಂಡೇಶನ್ ಹಿಡಿದು ನಿಲ್ಲಲೆಂದು ಅದರ ಕೆಳಗೆ ಹಚ್ಚುವ ಪ್ರೈಮರ್ ಬಿದ್ದದ್ದು ಹಣೆ, ಮೂಗು ಮತ್ತು ಗಲ್ಲಕ್ಕೆ ಮಾತ್ರ. ಅವರ ಏರ್‌ಬ್ರಷ್ ಫೌಂಡೇಶನ್ ಸಿಲಿಕೋನ್ ಆಧಾರಿತವಾದ್ದರಿಂದ ಪ್ರೈಮರನ್ನೂ ಅದೇ ಬಗೆಯದ್ದನ್ನು ಆರಿಸಿದ್ದರು; ಸಿಲಿಕೋನ್ ಪ್ರೈಮರ್ ಮೇಲೆ ನೀರಿನಂಶದ ಫೌಂಡೇಶನ್ ಹಚ್ಚಿದರೆ ಅದು ಸರಿಯಾಗಿ ಕೂರದೆ ಉಂಡೆಯುಂಡೆಯಾಗಿ ಏಳುವ ಸಂಭವವಿರುತ್ತದೆ. ಪೌಡರನ್ನು ಬ್ರಷ್‌ನಿಂದ ಸವರದೆ ಪಫ್‌ನಿಂದ ಒತ್ತಿದರು, ಕೊನೆಯಲ್ಲಿ ಮೇಕಪ್ ಕದಲದಂತೆ ಸೆಟ್ಟಿಂಗ್ ಸ್ಪ್ರೇ ಹೊಡೆದರು.

ಪುಟ್ಟ ಕಂಪ್ರೆಸರ್‌ನಿಂದ ಮಂಜಿನಂತೆ ಬೀಳುವ ಬಣ್ಣದ ಪದರ ನಿಜಕ್ಕೂ ತೆಳುವಾಗಿತ್ತು. ಹೋಮದ ಹೊಗೆಯ ಎದುರು ಕುಳಿತರೂ ಹಣೆ, ಕೆನ್ನೆಗಳು ಕದಡಲಿಲ್ಲ, ಕಾಡಿಗೆ ಇಳಿಯಲಿಲ್ಲ. ಆದರೆ ಮೇಲ್ದುಟಿಯ ಮೇಲೆ ಮತ್ತು ಮೂಗಿನ ಪಕ್ಕದಲ್ಲಿ ಹನಿಗಟ್ಟಿದ ಬೆವರನ್ನು ದೊಡ್ಡಮ್ಮ ಅಕ್ಕರೆಯಿಂದ ಕರವಸ್ತ್ರದಲ್ಲಿ ಉಜ್ಜಿದ್ದೇ ತಡ, ಅಲ್ಲಿ ಚರ್ಮದ ಬಣ್ಣದ ಒಂದು ಗೀರು ಮೂಡಿತು. ಏರ್‌ಬ್ರಷ್ ಪದರ ಒಮ್ಮೆ ಹೀಗೆ ಹರಿದರೆ ಬೆರಳಿನಿಂದ ತೀಡಿ ಸರಿಪಡಿಸುವುದು ಕಷ್ಟ. ತೀಡಿದಷ್ಟೂ ಅಂಚು ಎದ್ದು ಕಾಣುತ್ತದೆ. ಅಷ್ಟರಲ್ಲಿ ಕಲಾವಿದೆ ಹೊರಟುಹೋಗಿದ್ದರು. ಮಲ್ಲಿಗೆಯ ಹಾರ ತಾಗಿದ ಕತ್ತಿನ ಭಾಗವೂ ಮಾಸಿತ್ತು. ಕಣ್ಣ ಕೆಳಗೆ ಒತ್ತಿದ್ದ ಸಿಲಿಕಾ ಪೌಡರ್ ಕನ್ನಡಿಯಲ್ಲಿ ಕಾಣದಿದ್ದರೂ ಫ್ಲ್ಯಾಶ್ ಬಿದ್ದ ಫೋಟೋಗಳಲ್ಲಿ ಬಿಳಿಚಿಕೊಂಡಿದೆ. ಬ್ರೈಡಲ್ ಮೇಕಪ್ಪನ್ನೇ ವೃತ್ತಿಯಾಗಿಸಿಕೊಂಡವರು ಇದನ್ನು ಮೊದಲೇ ಒಂದು ಫೋಟೋ ತೆಗೆದು ನೋಡಬೇಕಿತ್ತು.

ಹೆಚ್ಚುವರಿ ಹಣ ಏರ್‌ಬ್ರಷ್‌ಗೆ ಸಾರ್ಥಕವಾಗಲಿಲ್ಲವೆಂದೇ ನನ್ನ ಅಭಿಪ್ರಾಯ. ಇದೇ ಸಿದ್ಧತೆಯೊಂದಿಗೆ ಕೈಯಿಂದ ಹಚ್ಚುವ ಫೌಂಡೇಶನ್ ಆರಿಸಿಕೊಂಡು, ಉಳಿದ ಹಣದಲ್ಲಿ ಧಾರೆ ಮುಗಿಯುವವರೆಗೆ ಟಚ್‌ಅಪ್‌ಗೆ ಒಬ್ಬರನ್ನು ಉಳಿಸಿಕೊಳ್ಳುವುದು ಮೇಲು. ಅದಾಗದಿದ್ದರೆ ಮದುಮಗಳ ಪಕ್ಕ ಕೂರುವವರ ಕೈಗೆ ಬ್ಲಾಟಿಂಗ್ ಪೇಪರ್ ಕೊಟ್ಟಿರಬೇಕು: ಮೊದಲು ಒತ್ತಿ ತೇವ ತೆಗೆದು, ಆಮೇಲಷ್ಟೇ ಪೌಡರ್. ಬೆವರಿನ ಮೇಲೆಯೇ ಪೌಡರ್ ಹಾಕಿದರೆ ಅದು ಹೆಪ್ಪುಗಟ್ಟಿ ತೇಪೆಯಾಗುತ್ತದೆ.

ಮೇಕಪ್ ತೆಗೆಯುವ ಬಗ್ಗೆ ಪಾರ್ಲರ್‌ನವರು ಏನೂ ಹೇಳಿ ಕಳಿಸಲಿಲ್ಲ. ಸಿಲಿಕೋನ್ ಪದರ ಬರೀ ನೀರಿಗೆ ಜಗ್ಗುವುದಿಲ್ಲ. ರಾತ್ರಿ ಕ್ಲೆನ್ಸಿಂಗ್ ಬಾಮ್ ಹಚ್ಚಿ ಕರಗಿಸಿ, ನಂತರ ಫೇಸ್‌ವಾಶ್ ಬಳಸಿದ ಮೇಲೆಯೇ ತಂಗಿಯ ಮುಖ ಶುಚಿಯಾಯಿತು.