ಪಿಂಕ್ ಮೂನ್: ಒಂದು ಗಿಟಾರ್, ಒಂದು ದನಿ, 28 ನಿಮಿಷ

ಗಿಟಾರ್ ಹಿಡಿದು ತಾವೇ ಕಟ್ಟಿದ ಹಾಡು ಹಾಡುವವರಲ್ಲಿ ಯಾರಿಂದ ಶುರು ಮಾಡಲಿ ಅಂತ ಕೇಳಿದವರಿಗೆಲ್ಲ ನಾನು ಹೇಳುವ ಹೆಸರು ಒಂದೇ, ನಿಕ್ ಡ್ರೇಕ್. ಅದರಲ್ಲೂ 1972ರ ‘ಪಿಂಕ್ ಮೂನ್’ ಆಲ್ಬಮ್. ಅವರ ಮೂರನೆಯದು, ಕೊನೆಯದೂ ಅದೇ. 11 ಹಾಡು ಸೇರಿ 28 ನಿಮಿಷ, ಅಷ್ಟೇ.

ಮೊದಲ ಎರಡು ಆಲ್ಬಮ್‌ಗಳಲ್ಲಿ ಅವರ ಸುತ್ತ ಬೇರೆ ವಾದ್ಯಗಳೂ ಇದ್ದವು. ಇಲ್ಲಿ ಅದೇನೂ ಬೇಡ ಅಂತ ಬಿಟ್ಟು, ಲಂಡನ್ನಿನ ಒಂದು ಸ್ಟುಡಿಯೋದಲ್ಲಿ ಎರಡು ರಾತ್ರಿ ಕೂತು, ಸೌಂಡ್ ಎಂಜಿನಿಯರ್ ಜಾನ್ ವುಡ್ ಒಬ್ಬರನ್ನೇ ಜೊತೆಗಿಟ್ಟುಕೊಂಡು ಹಾಡಿ ಮುಗಿಸಿದರು. ಮೊದಲ ಹಾಡಲ್ಲಿ ಒಂಚೂರು ಪಿಯಾನೋ ಬಂದುಹೋಗುತ್ತದೆ. ಉಳಿದದ್ದೆಲ್ಲ ಬರೀ ಗಿಟಾರ್ ಮತ್ತು ದನಿ.

ಮೊದಲ ಸಲ ಕೇಳುವಾಗ ಸಾಲುಗಳ ಅರ್ಥ ಹುಡುಕಬೇಡಿ. ಅವರ ಉಚ್ಚಾರಣೆ ಹೇಗೂ ಅಷ್ಟು ಸ್ಪಷ್ಟವಿಲ್ಲ. ಗಿಟಾರಿಗೆ ಕಿವಿ ಕೊಡಿ. ಡ್ರೇಕ್ ತಂತಿಗಳನ್ನು ಮಾಮೂಲಿ ಶ್ರುತಿಯಲ್ಲಿ ಬಿಡದೆ ಹಾಡಿಗೆ ತಕ್ಕ ಹಾಗೆ ಬದಲಿಸಿಕೊಳ್ಳುತ್ತಿದ್ದರು. ಹಾಗಾಗಿ ಬೆರಳು ಒತ್ತದ ತಂತಿಯೂ ತಂಬೂರಿಯ ಹಾಗೆ ಹಿಂದೆ ಗುಂಯ್‌ಗುಡುತ್ತಲೇ ಇರುತ್ತದೆ, ‘ರೋಡ್’ ಕೇಳಿದರೆ ಇದು ಒಬ್ಬರೇ ನುಡಿಸುತ್ತಿರುವುದಾ ಅನ್ನಿಸುತ್ತದೆ. ‘ನೋ’ (Know) ಹಾಡು ಮಾತ್ರ ನನಗೆ ಹಿಡಿಸಿಲ್ಲ. ನಾಲ್ಕೇ ಸಾಲು, ಒಂದೇ ಮೀಟು ಮತ್ತೆ ಮತ್ತೆ.

ಇನ್ನೊಂದು ಮಾತು, ಗಲಾಟೆ ಇರುವ ಕಡೆ ಸುಮ್ನೆ ಹಾಕಿಕೊಳ್ಳಬೇಡಿ. ಏನೂ ಉಳಿಯಲ್ಲ. ಹಾಡುಗಳ ಕ್ರಮವನ್ನೂ ಬದಲಿಸಬೇಡಿ.

ಬಿಡುಗಡೆಯಾದಾಗ ಇದನ್ನು ಕೊಂಡವರು ತೀರಾ ಕಡಿಮೆ. 1974ರಲ್ಲಿ ಡ್ರೇಕ್ ತೀರಿಕೊಂಡರು, ಆಗ ಅವರಿಗೆ ಬರೀ 26 ವರ್ಷ. 1999ರ ಕೊನೆಗೆ ಒಂದು ಕಾರಿನ ಜಾಹೀರಾತಿನಲ್ಲಿ ಇದರ ಮೊದಲ ಹಾಡು ಬಂದ ಮೇಲೆ ಜನ ಹುಡುಕಿಕೊಂಡು ಬಂದರು. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಇದು ಹಿಡಿಸಿದರೆ ಮುಂದೆ ಜೋನಿ ಮಿಚೆಲ್ ಅವರ ‘ಬ್ಲೂ’, 1971ರದ್ದು. ಚಿಕ್ಕವರಿದ್ದಾಗ ಪೋಲಿಯೋ ಬಂದು ಅವರ ಎಡಗೈ ಬಲ ಕುಗ್ಗಿತ್ತು. ಬೆರಳಲ್ಲಿ ತಂತಿ ಒತ್ತಿ ಹಿಡಿಯುವ ಮಾಮೂಲಿ ಪಟ್ಟುಗಳು ಕಷ್ಟ ಅಂತ ಅವರೂ ತಮ್ಮದೇ ಶ್ರುತಿಗಳನ್ನು ಮಾಡಿಕೊಂಡರು.

ಎಲಿಜಬೆತ್ ಕಾಟನ್ ಅವರನ್ನಂತೂ ಬಿಡಲೇಬೇಡಿ. ಎಡಗೈಯವರು, ಬಲಗೈಯವರ ಗಿಟಾರನ್ನು ತಂತಿ ಬದಲಿಸದೆ ಹಾಗೇ ತಿರುಗಿಸಿ ಹಿಡಿದು ನುಡಿಸುವುದನ್ನು ತಾವೇ ಕಲಿತವರು. ಎಷ್ಟೋ ವರ್ಷ ಮನೆಗೆಲಸ ಮಾಡಿಕೊಂಡಿದ್ದು, ಅವರ ಮೊದಲ ಆಲ್ಬಮ್ ಬಂದಾಗ ವಯಸ್ಸು 60 ದಾಟಿತ್ತು. ಹುಡುಗಿಯಾಗಿದ್ದಾಗ ಕಟ್ಟಿದ ‘ಫ್ರೈಟ್ ಟ್ರೇನ್’ ಅದರಲ್ಲಿದೆ. ಎಲ್ಲರೂ ಹೆಬ್ಬೆರಳಲ್ಲಿ ಮಂದ್ರದ ತಂತಿ ಮೀಟಿದರೆ ಇವರದು ಉಲ್ಟಾ, ರಾಗವೆಲ್ಲ ಬರುವುದು ಹೆಬ್ಬೆರಳಿನಿಂದ. ಅವರು ನುಡಿಸುವ ವಿಡಿಯೋ ಸಿಕ್ಕರೆ ಆ ಹೆಬ್ಬೆರಳನ್ನೇ ನೋಡುತ್ತಾ ಕೇಳಿ.