ಸೀರಿಯಲ್, ಸಿನಿಮಾ ಬಿಡದೆ ನೋಡೋಕೆ ಕೇಬಲ್ ಸಾಕಾ, ಆ್ಯಪ್ ಬೇಕಾ? ಹೊಲಿಗೆಯವಳ ಅನುಭವ

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಟಿವಿಯಲ್ಲಿ ಏನು ಬರ್ತಿದೆ ಅಂತ ಗೊತ್ತಿಲ್ಲದಿದ್ದರೆ ನನ್ನ ಕೆಲಸ ನಡೆಯಲ್ಲ. ಕಾಲೇಜು ಹುಡುಗಿಯರಿಂದ ಅಜ್ಜಿಯರವರೆಗೆ ಎಲ್ಲರೂ ಮೊಬೈಲ್ ಮುಂದೆ ಹಿಡಿದು, "ಅಕ್ಕಾ, ಸೀರಿಯಲ್ ಮದುವೇಲಿ ಇವಳು ಹಾಕಿದ್ಳಲ್ಲ, ಅದೇ ತೋಳು ಬೇಕು" ಅನ್ನುತ್ತಾರೆ. ಫೋಟೊದಲ್ಲಿ ಮುಂಭಾಗ ಮಾತ್ರ ಇರುತ್ತೆ. ಬೆನ್ನು ಎಷ್ಟು ಇಳಿದಿದೆ, ಪಫ್‌ನ ನೆರಿಗೆ ಎಲ್ಲಿಂದ ಶುರು ಅನ್ನೋದು ಅವಳು ತಿರುಗಿ ನಡೆದಾಗಲೇ ಕಾಣೋದು. ಅದಕ್ಕೇ ಕೇಬಲ್ ಜೊತೆ ಒಂದು ಒಟಿಟಿ ಆ್ಯಪ್‌ಗೂ ವರ್ಷವರ್ಷ ದುಡ್ಡು ಕಟ್ಟುತ್ತಾ ಬಂದಿದ್ದೇನೆ.

ಸಂಜೆ ಏಳಕ್ಕೆ ಮಷಿನ್ ನಿಲ್ಲಿಸುತ್ತೇನೆ, ಆ ಸದ್ದಲ್ಲಿ ಡೈಲಾಗ್ ಕೇಳಲ್ಲ. ಆಮೇಲೆ ಹೆಮ್ಮಿಂಗ್, ಹುಕ್ಸ್, ಸೀರೆ ಕುಚ್ಚು. ಕಣ್ಣು ಸೂಜಿ ಮೇಲೆ, ಕಿವಿ ಟಿವಿ ಕಡೆ. ಯಾರಾದರೂ ಹೊಸ ಸೀರೆ ಉಟ್ಟು ಬಂದರೆ ಅತ್ತೆ "ನೋಡೇ, ನೋಡೇ" ಅಂತಾರೆ, ಆಗ ತಲೆ ಎತ್ತುತ್ತೇನೆ. ಯಾರ ಮೋಸ ಯಾರಿಗೆ ಗೊತ್ತಾಯ್ತು ಅಂತ ಜಾಹೀರಾತು ಬಂದಾಗ ಇಬ್ಬರೂ ಮಾತಾಡುತ್ತೇವೆ. ದಿನದಲ್ಲಿ ನನಗೆ ತುಂಬಾ ಇಷ್ಟದ ಹೊತ್ತು ಇದು.

ಕೇಳಿಸಿಕೊಂಡೇ ನೋಡುವವರಿಗೆ ಕನ್ನಡ ಆಡಿಯೊ ಬೇಕೇ ಬೇಕು. ಬೇರೆ ಭಾಷೆಯದನ್ನ ಕನ್ನಡಕ್ಕೆ ಡಬ್ಬಿಂಗ್ ಮಾಡೋದು ಬೇಡ ಅಂತ ನಮ್ಮ ಚಿತ್ರರಂಗದವರದೇ ದಶಕಗಟ್ಟಲೆ ತಡೆ ಇತ್ತು. ಆ ವಿಷಯಕ್ಕೆ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಫಿಲಂ ಚೇಂಬರ್‌ಗೆ ದಂಡ ಹಾಕಿತು. 2020ರ ಲಾಕ್‌ಡೌನ್‌ನಲ್ಲಿ ಸ್ಟಾರ್ ಸುವರ್ಣದಲ್ಲಿ ಕನ್ನಡದಲ್ಲೇ ಮಹಾಭಾರತ ಬಂದಾಗ ನಮ್ಮನೇಲಿ ಎಲ್ಲರೂ ಬಿಡದೆ ನೋಡಿದೆವು. ಕೊರಿಯನ್ ಸೀರೀಸ್ ನೋಡು ಅಂತ ತಂಗಿ ಹೇಳ್ತಾನೇ ಇರ್ತಾಳೆ. ಸಬ್‌ಟೈಟಲ್ ಓದುತ್ತಾ ಕೂತರೆ ನನ್ನ ಹೆಮ್ಮಿಂಗ್ ಯಾರು ಮಾಡಬೇಕು?

ಇನ್ನು ಆ್ಯಪ್ ವಿಷಯ. ಬೇಕಾದಲ್ಲಿ ನಿಲ್ಲಿಸಿ ನೋಡಬಹುದು ಅಂತಲೇ ತಗೊಂಡಿದ್ದು. ನಿಲ್ಲಿಸಿದ ತಕ್ಷಣ ಚಿತ್ರ ಮಬ್ಬಾಗಿ, ಸರಿಯಾಗಿ ಬೆನ್ನಿನ ಮೇಲೆ ಬಟನ್‌ಗಳು ಬಂದು ಕೂರುತ್ತವೆ. ಸ್ಕ್ರೀನ್‌ಶಾಟ್ ತೆಗೆದರೆ ಬರೀ ಕಪ್ಪು. ಸ್ವಲ್ಪ ಹಿಂದಕ್ಕೆ ಹೋದರೆ ಆಗಲೇ ನೋಡಿದ್ದ ಜಾಹೀರಾತು ಮತ್ತೆ ಮೊದಲಿಂದ. ದುಡ್ಡು ಕೊಟ್ಟ ಮೇಲೂ ಜಾಹೀರಾತು ಯಾಕೆ ನೋಡಬೇಕು? ಒಂದು ದಿನ ಡೋರಿ ಗಂಟು ಹೇಗೆ ಹಾಕಿದ್ದಾರೆ ಅಂತ ನೋಡೋಕೆ ಹೋಗಿ, ರೇಗಿ ಫೋನ್ ಪಕ್ಕಕ್ಕಿಟ್ಟೆ. ಮಾರನೇ ದಿನ ಕೇಬಲ್‌ನ ಮರುಪ್ರಸಾರದಲ್ಲೇ ಅದು ಸರಿಯಾಗಿ ಕಾಣಿಸಿತು.

ಸಿನಿಮಾ ಬಿಸಿಬಿಸಿಯಾಗಿ ನೋಡೋದು ಮಾತ್ರ ನನ್ನಂಥವರಿಗೆ ಆಗಲ್ಲ. ಕಾಂತಾರ 2022ರ ಸೆಪ್ಟೆಂಬರ್ 30ಕ್ಕೆ ಥಿಯೇಟರ್‌ಗೆ ಬಂತು. ಅದು ದಸರಾ ಸಮಯ, ಹಿಂದೆಯೇ ದೀಪಾವಳಿ, ಹೊಲಿಗೆ ರಾಶಿ ಬಿದ್ದಿತ್ತು. ನವೆಂಬರ್ 24ಕ್ಕೆ ಒಟಿಟಿಗೆ ಬಂದ ಮೇಲೆ ತಂಗಿ ಮನೆಯಲ್ಲಿ ನೋಡಿದೆ. ಅಷ್ಟರಲ್ಲಿ ಗಿರಾಕಿಗಳೆಲ್ಲ ಕಥೆ ಹೇಳಿ ಮುಗಿಸಿದ್ದರು. ಆದರೂ ಕೊನೆಯ ದೃಶ್ಯ ಬಂದಾಗ ಮೈ ಜುಮ್ಮೆಂದಿತು. ತಡವಾಗಿ ನೋಡಿದರೆ ಒಳ್ಳೆ ಸಿನಿಮಾದ ರುಚಿ ಏನೂ ಕಮ್ಮಿಯಾಗಲ್ಲ.

ಹಾಗಾಗಿ ಕೇಬಲ್ ಇರುತ್ತೆ. ಅದರಲ್ಲಿ ಸಂಜೆ ನೋಡುವ ಎರಡು ಕನ್ನಡ ಚಾನೆಲ್ ಇದ್ದರೆ ಸಾಕು. ಆ್ಯಪ್‌ಗೆ ಮಾತ್ರ ಇನ್ನು ವರ್ಷದ ದುಡ್ಡು ಕಟ್ಟಲ್ಲ. ಆಷಾಢದಲ್ಲಿ ಮದುವೆ ಇರಲ್ಲ, ಹೊಲಿಗೆನೂ ಕಮ್ಮಿ. ಆ ಒಂದು ತಿಂಗಳಿಗಷ್ಟೇ ಹಾಕಿಸಿಕೊಂಡು, ಬಾಕಿ ಉಳಿದ ಸಿನಿಮಾಗಳನ್ನ ಅತ್ತೆ ಜೊತೆ ಕೂತು ನೋಡ್ತೀನಿ.