ಇಝ್-46ಎಂ: ಹಳೆಯ ರಷ್ಯನ್ ಏರ್ ಪಿಸ್ತೂಲು ಇಂದಿಗೂ ಕೊಳ್ಳಲು ಯೋಗ್ಯವೇ?

ಹತ್ತು ಮೀಟರ್ ಏರ್ ಪಿಸ್ತೂಲು ಸ್ಪರ್ಧೆಗೆ ಹೊಸದಾಗಿ ಇಳಿಯುವವರು ಯಾವುದನ್ನು ಕೊಳ್ಳಲಿ ಎಂದು ಕೇಳಿದರೆ ಇಂದಿಗೂ ನನ್ನ ಬಾಯಿಗೆ ಮೊದಲು ಬರುವ ಹೆಸರು ಇಝ್-46ಎಂ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಈ ವಿಭಾಗದಲ್ಲಿ ಕಂಚು ಗೆದ್ದ ಮೇಲೆ ಊರಿನ ಕಡೆಯಿಂದಲೂ ಈ ಪ್ರಶ್ನೆ ಬರತೊಡಗಿದೆ. ನಾನಿರುವುದು ಕೆನಡಾದ ಒಂಟಾರಿಯೊದಲ್ಲಿ. ಇಲ್ಲಿನ ಕ್ಲಬ್ಬಿನಲ್ಲಿ ಗುರಿ ಹಿಡಿಯಲು ಕಲಿತದ್ದೂ ಇದರಲ್ಲೇ, ಸ್ಪರ್ಧೆಗಳಲ್ಲಿ ನಿಂತದ್ದೂ ಇದನ್ನೇ ಹಿಡಿದು.

ಇದು ರಷ್ಯದ ಇಝೆವ್‌ಸ್ಕ್ ನಗರದ ಕಾರ್ಖಾನೆಯ ಕೂಸು. ಮೂಲ ಇಝ್-46 ಸೋವಿಯತ್ ಒಕ್ಕೂಟದ ಕೊನೆಯ ವರ್ಷಗಳದ್ದು. ‘ಎಂ’ ಅದರ ಸುಧಾರಿತ ರೂಪ. ಹೊರದೇಶಗಳಲ್ಲಿ ಬೈಕಾಲ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. ‘ಎಂ’ನಲ್ಲಿ ಗಾಳಿಯನ್ನು ಒತ್ತುವ ಕೊಳವೆ ಹೆಚ್ಚು ಉದ್ದವಾಗಿದ್ದು, 4.5 ಮಿಲಿಮೀಟರ್ ಪೆಲೆಟ್ (ಸೀಸದ ಪುಟ್ಟ ಗುಂಡು) ಸೆಕೆಂಡಿಗೆ ಸುಮಾರು 140 ಮೀಟರ್ ವೇಗದಲ್ಲಿ ಹೊರಡುತ್ತದೆ. ಕೆನಡಾದಲ್ಲಿ ವೇಗ 152.4 ಮೀಟರ್ ದಾಟದ ಏರ್ ಪಿಸ್ತೂಲಿಗೆ ಬಂದೂಕಿನ ಲೈಸೆನ್ಸ್ ಬೇಕಿಲ್ಲ. ಇಲ್ಲಿ ಹೊಸಬರ ಕೈಗೆ ಇದು ಸುಲಭವಾಗಿ ಬಂದದ್ದಕ್ಕೆ ಅದೂ ಒಂದು ಕಾರಣ.

ಇದರ ಜೀವಾಳ ನಳಿಗೆಯ ಕೆಳಗಿರುವ ಉದ್ದನೆಯ ಲಿವರ್. ಅದನ್ನು ಬಿಡಿಸಿ ಪೂರ್ತಿ ಮುಂದಕ್ಕೆ ತಿರುಗಿಸಬೇಕು, ಮತ್ತೆ ಹಿಂದಕ್ಕೆ ತಂದು ಮುಚ್ಚಬೇಕು. ಮುಚ್ಚುವಾಗಲೇ ಗಾಳಿ ಒತ್ತಡಕ್ಕೆ ಸಿಲುಕುತ್ತದೆ. ಮೊದಲರ್ಧ ಹಗುರ. ಕೊನೆಯ ಗೇಣಿನಷ್ಟು ದೂರದಲ್ಲಿ ಲಿವರ್ ಅಂಗೈಯನ್ನು ಹಿಂದಕ್ಕೆ ತಳ್ಳುತ್ತದೆ, ಮೊಣಕೈ ಬಿಗಿಯುತ್ತದೆ, ಆಮೇಲೆ ಟಕ್ಕೆಂದು ಕೂತುಕೊಳ್ಳುತ್ತದೆ. ಒಂದು ಗುಂಡಿಗೆ ಒಂದು ಸಲ, ಅಷ್ಟೇ. ಪ್ರತಿ ಸಲವೂ ಒಳಗೆ ಸೇರುವ ಗಾಳಿ ಅಷ್ಟೇ ಇರುವುದರಿಂದ ವೇಗದಲ್ಲಿ ಏರುಪೇರು ಬಹಳ ಕಡಿಮೆ. ಒತ್ತಿದ ಗಾಳಿ ತುಂಬಿದ ಸಿಲಿಂಡರ್ ಬೇಡ, ತುಂಬಿಸುವ ಪಂಪು ಬೇಡ. ಸಿಲಿಂಡರಿನ ಪಿಸ್ತೂಲುಗಳಲ್ಲಿ ಹತ್ತು ವರ್ಷ ದಾಟಿದ ಸಿಲಿಂಡರನ್ನು ಸ್ಪರ್ಧೆಗೆ ತರುವಂತಿಲ್ಲ; ಬದಲಿಸುವ ಖರ್ಚು ಸಣ್ಣದಲ್ಲ. ಇದಕ್ಕೆ ಆ ತಾಪತ್ರಯವಿಲ್ಲ.

ಕಲಿಯುವವರಿಗೆ ಈ ಲಿವರಿನಿಂದ ಇನ್ನೊಂದು ಲಾಭವಿದೆ. ಹೊಸಬರ ದೊಡ್ಡ ಕಾಯಿಲೆ ಆತುರ. ಒಂದು ಗುಂಡು ಎಂಟು ಅಂಕದ ವೃತ್ತಕ್ಕೆ ಬಿದ್ದರೆ ಅದನ್ನು ಸರಿದೂಗಿಸಲು ಮರುಕ್ಷಣವೇ ಇನ್ನೊಂದು ಹೊಡೆಯುತ್ತಾರೆ, ಅದು ಏಳಕ್ಕೆ ಬೀಳುತ್ತದೆ. ಇಲ್ಲಿ ಆತುರಪಡಲು ದಾರಿಯೇ ಇಲ್ಲ. ಪಿಸ್ತೂಲನ್ನು ಇಳಿಸಿ, ಲಿವರ್ ಎಳೆದು ಮುಚ್ಚಿ, ಪೆಲೆಟ್ ಇಟ್ಟು, ಹಿಡಿಯನ್ನು ಮತ್ತೆ ಕೈಗೆ ಕೂರಿಸಿಕೊಳ್ಳುವಷ್ಟರಲ್ಲಿ ಉಸಿರು ತಹಬಂದಿಗೆ ಬಂದಿರುತ್ತದೆ. ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಗುರಿಯಿಡುವುದನ್ನು ನೋಡುತ್ತ ಬೆಳೆದ ನನಗೆ ಬಂದೂಕು ಹೊಸದಾಗಿರಲಿಲ್ಲ. ಆದರೆ ತೋಳು ಚಾಚಿ, ಒಂದೇ ಕೈಯಲ್ಲಿ, ಯಾವ ಆಸರೆಯೂ ಇಲ್ಲದೆ ಹಿಡಿಯುವುದು ಬೇರೆಯೇ ವಿದ್ಯೆ. ಅದನ್ನು ನಿಧಾನವಾಗಿಯೇ ಕಲಿಯಬೇಕು.

ಟ್ರಿಗರ್ ಈ ಬೆಲೆಗೆ ನಿಜಕ್ಕೂ ದೊಡ್ಡ ಕೊಡುಗೆ. ಭಾರ, ಮೊದಲ ಎಳೆತದ ಉದ್ದ, ಬಿಡುಗಡೆಯ ಬಿಂದು ಎಲ್ಲವನ್ನೂ ಸ್ಕ್ರೂಗಳಿಂದ ಹೊಂದಿಸಬಹುದು. ಅಂತರರಾಷ್ಟ್ರೀಯ ನಿಯಮದ ಕನಿಷ್ಠ ಮಿತಿ 500 ಗ್ರಾಂ. ಅದಕ್ಕಿಂತ ತುಸು ಮೇಲೆ ನಿಲ್ಲಿಸಿಕೊಂಡರೆ ಮೊದಲ ಎಳೆತ ಮುಗಿದು ಎರಡನೆಯ ಹಂತ ಶುರುವಾಗುವುದು ಸ್ಪಷ್ಟವಾಗಿ ಬೆರಳಿಗೆ ತಿಳಿಯುತ್ತದೆ. ಲಿವರ್ ಮುಟ್ಟದೆ ಹಿಂಬದಿಯ ಬಾಗಿಲನ್ನಷ್ಟೇ ಎತ್ತಿದರೆ ಟ್ರಿಗರ್ ಸಜ್ಜಾಗುತ್ತದೆ. ಹೀಗೆ ಪೆಲೆಟ್ ಇಲ್ಲದೆ, ಬರಿಗೋಡೆಯತ್ತ ನಿಂತು ಅಭ್ಯಾಸ ಮಾಡಬಹುದು. ನನ್ನ ಅಂಕಗಳು ಏರಿದ್ದು ಈ ಖಾಲಿ ಅಭ್ಯಾಸದಿಂದಲೇ ಎಂದು ನಂಬಿದ್ದೇನೆ.

ಮರದ ಹಿಡಿ ಮಾತ್ರ ಒರಟು, ಸಣ್ಣ ಕೈಗಳಿಗೆ ದಪ್ಪ. ಕೊಂಡವರೆಲ್ಲ ಅದನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ, ಬೇಕಾದೆಡೆ ಮರದ ಪುಟ್ಟಿ ತುಂಬಿ ತಮ್ಮ ಅಂಗೈಗೆ ಒಗ್ಗಿಸಿಕೊಳ್ಳುತ್ತಾರೆ. ಹೆಬ್ಬೆರಳಿನ ಬುಡ ಕೂರುವ ಜಾಗವನ್ನು ಮೊದಲು ಸರಿಪಡಿಸಿ. ಮುಂದಿನ ಮತ್ತು ಹಿಂದಿನ ಸೈಟುಗಳು ತಾವಾಗಿಯೇ ಒಂದು ಗೆರೆಗೆ ಬರುವವರೆಗೆ ಸ್ವಲ್ಪಸ್ವಲ್ಪವೇ ಕೆತ್ತಿ. ಮಣಿಕಟ್ಟಿಗೆ ಆಸರೆಯಾಗುವಂತೆ ಏನನ್ನೂ ಸೇರಿಸಬೇಡಿ, ಪರಿಶೀಲನೆಯಲ್ಲಿ ತಿರಸ್ಕರಿಸುತ್ತಾರೆ.

ಸ್ಪರ್ಧೆಗೆ ಸಾಕೇ? ನಿಖರತೆಯ ಮಟ್ಟಿಗೆ ಧಾರಾಳವಾಗಿ ಸಾಕು. ಗುರಿಫಲಕದ ಹತ್ತರ ವೃತ್ತದ ವ್ಯಾಸ 11.5 ಮಿಲಿಮೀಟರ್. ಒಳ್ಳೆಯ ಚಪ್ಪಟೆ ತಲೆಯ ಪೆಲೆಟ್ ಹಾಕಿ ಆಸರೆಯ ಮೇಲಿಟ್ಟು ಹೊಡೆದರೆ ರಂಧ್ರಗಳು ಒಂದರೊಳಗೊಂದು ಸೇರಿ ಆ ವೃತ್ತದೊಳಗೇ ಉಳಿಯುತ್ತವೆ. ತೊಂದರೆ ಇರುವುದು ದೇಹಕ್ಕೆ. ಅರ್ಹತಾ ಸುತ್ತಿನಲ್ಲಿ 75 ನಿಮಿಷಗಳಲ್ಲಿ 60 ಗುಂಡು, ಅದಕ್ಕೂ ಮುಂಚೆ ಪರೀಕ್ಷಾರ್ಥ ಗುಂಡುಗಳು. ಪ್ರತಿಯೊಂದಕ್ಕೂ ಆ ಲಿವರ್. ನಲವತ್ತು ಗುಂಡು ದಾಟುತ್ತಿದ್ದಂತೆ ಭುಜ ಮಾತಾಡತೊಡಗುತ್ತದೆ, ಮುಂಭಾಗ ಭಾರವಾಗಿರುವ ಪಿಸ್ತೂಲಿನ ಮೂತಿ ಕೆಳಗೆ ಜಾರುತ್ತದೆ. ಪಕ್ಕದವರು ಸ್ಟೈಯರ್ ಅಥವಾ ಮೊರಿನಿ ಕಂಪನಿಯ ಸಿಲಿಂಡರಿನ ಪಿಸ್ತೂಲು ಹಿಡಿದು ಒಂದು ಬೆರಳಿನಿಂದ ಮುಚ್ಚಳ ಸರಿಸುತ್ತಿರುತ್ತಾರೆ. 600ಕ್ಕೆ 550ರ ಆಸುಪಾಸು ತಲುಪುವವರೆಗೆ ಈ ಪಿಸ್ತೂಲು ನಿಮ್ಮನ್ನು ಹಿಂದಕ್ಕೆ ಎಳೆಯುವುದಿಲ್ಲ ಎಂಬುದು ನನ್ನ ಅನುಭವ. ಅದರಾಚೆಗೆ, ಪ್ರತಿ ಅಂಕಕ್ಕೂ ಹೋರಾಡುವಾಗ, ಸಿಲಿಂಡರಿನ ಪಿಸ್ತೂಲಿಗೆ ಹೋಗುವುದೇ ಸರಿ. ಮಕ್ಕಳಿಗೂ ಇದನ್ನು ಹೇಳುವುದಿಲ್ಲ. ಲಿವರ್ ಮುಚ್ಚುವ ಬಲ ಎಳೆಯ ತೋಳುಗಳಿಗೆ ಹೆಚ್ಚು.

ಈಗ ಸಿಗುವುದು ಹೆಚ್ಚಾಗಿ ಬಳಸಿದ ಪಿಸ್ತೂಲುಗಳೇ, ಬಿಡಿಭಾಗ ಹುಡುಕುವುದೂ ಕಷ್ಟ. ಕೊಳ್ಳುವ ಮುನ್ನ ಲಿವರ್ ಮುಚ್ಚಿ ಕೂಡಲೇ ಹೊಡೆದು ವೇಗ ಅಳೆಯಿರಿ. ಮತ್ತೆ ಮುಚ್ಚಿ, ಕೆಲವು ನಿಮಿಷ ಬಿಟ್ಟು ಹೊಡೆಯಿರಿ. ವೇಗ ಗಣನೀಯವಾಗಿ ಇಳಿದರೆ ಸೀಲುಗಳು ಸೋರುತ್ತಿವೆ ಎಂದರ್ಥ. ಸೀಲುಗಳು ದುಬಾರಿಯಲ್ಲ, ಬದಲಿಸಬಹುದು. ಬೆಲೆಯಲ್ಲಿ ಅಷ್ಟನ್ನು ಕಡಿಮೆ ಮಾಡಿಸಿಕೊಳ್ಳಿ. ಎಡಗೈಯವರಾಗಿದ್ದರೆ ಎಡಗೈ ಹಿಡಿ ಎಲ್ಲಿ ಸಿಗುತ್ತದೆಂದು ಖಚಿತಪಡಿಸಿಕೊಂಡ ನಂತರವೇ ಹಣ ಕೊಡಿ.